ಎಂಜಿನ್ ಕೊಳ್ಳುವ ಮೊದಲು ಕಾರನ್ನು ತೂಗಿ

ಡ್ರಿಫ್ಟ್‌ಗಾಗಿ (ತಿರುವಿನಲ್ಲಿ ಹಿಂದಿನ ಚಕ್ರ ಬೇಕೆಂದೇ ಜಾರಿಸಿ ಓಡಿಸುವ ಆಟಕ್ಕಾಗಿ) ಒಂದು ಹಳೇ ಕಾರನ್ನು ಸಿದ್ಧ ಮಾಡುತ್ತಿದ್ದೇನೆ ಎಂದರೆ ಸಾಕು, ಕೇಳಿದವರ ಬಾಯಲ್ಲಿ ಬರುವುದು ಎಂಜಿನ್ ಮಾತು. ಯಾವುದು ಕೂರಿಸ್ತೀರಿ, ಎಷ್ಟು ಸಿಸಿ, ಎಷ್ಟು ಎಚ್‌ಪಿ. ಆ ಎಂಜಿನ್‌ನ ತೂಕ ಎಷ್ಟು, ಅದು ಮುಂದಿನ ಚಕ್ರದ ಗೆರೆಯಿಂದ ಎಷ್ಟು ಹಿಂದೆ ಕೂರುತ್ತದೆ ಎಂದು ಕೇಳುವವರು ಬಹಳ ಕಡಿಮೆ. ನನ್ನ ಪಾಲಿಗೆ ಮೊದಲ ಪ್ರಶ್ನೆಯೇ ಅದು. ಸೋಮವಾರಪೇಟೆ ಕಡೆ ಮಳೆ ಹಿಡಿಯಿತೆಂದರೆ ಶೆಡ್ಡಿನೊಳಗಿನ ಕೆಲಸವಲ್ಲದೆ ಬೇರೇನೂ ಸಾಗುವುದಿಲ್ಲ. ಹಾಗಾಗಿ ಮಳೆಗಾಲವಿಡೀ ತಕ್ಕಡಿ, ಅಳತೆ ಟೇಪು, ಒಂದು ನೋಟ್‌ಬುಕ್ ಹಿಡಿದುಕೊಂಡು ಈ ಪ್ರಶ್ನೆಯನ್ನು ಬಿಡಿಸುತ್ತಾ ಕೂತೆ. ಬರೆದಿಡುವಷ್ಟು ತಿಳಿದಿದೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ.

ಕಾರು ಪ್ರೀಮಿಯರ್ 118 ಎನ್‌ಇ. ಈಗಿನ ಹುಡುಗರು ಇದನ್ನು ನೋಡಿರುವುದೇ ಅಪರೂಪ, ನೋಡಿದ್ದರೂ ಯಾವುದೋ ತೋಟದ ಮನೆಯ ಹಿಂದೆ ಮೆಣಸಿನ ಬಳ್ಳಿಯ ನೆರಳಲ್ಲಿ ನಿಂತದ್ದನ್ನು ನೋಡಿರಬೇಕು. ಇದರ ಮೂಲ ಇಟಲಿಯ ಫಿಯೆಟ್ 124. 1966ರಲ್ಲಿ ಬಂದು, 1967ರಲ್ಲಿ ಯುರೋಪಿನ ವರ್ಷದ ಕಾರು ಎನಿಸಿಕೊಂಡ ಕಾರದು. ಅದನ್ನು ಸ್ಪೇನಿನಲ್ಲಿ ಸಿಯಾಟ್ ಕಂಪನಿ ಮಾಡುತ್ತಿತ್ತು. ಆ ಅಚ್ಚುಗಳು ಭಾರತಕ್ಕೆ ಬಂದವು, 1985ರಿಂದ ಪ್ರೀಮಿಯರ್ ಅದಕ್ಕೆ ನಿಸಾನ್‌ನ ಎ12 ಎಂಜಿನ್ ಹಾಕಿ ಮಾರಿತು. 1171 ಸಿಸಿ, 52 ಎಚ್‌ಪಿ, ಹಿಂದಿನ ಚಕ್ರಕ್ಕೆ ಎಳೆತ. ಎಂಜಿನ್ ಮುಂದೆ ಉದ್ದಕ್ಕೆ ಮಲಗಿದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ನಡುವೆ ಶಕ್ತಿಯನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕಾಯಿಲ್ ಸ್ಪ್ರಿಂಗ್ ಮೇಲೆ ಕೂತ, ಎರಡು ಚಕ್ರಗಳನ್ನು ಜೋಡಿಸುವ ಗಟ್ಟಿ ಆಕ್ಸಲ್. ಡ್ರಿಫ್ಟ್‌ಗೆ ಬೇಕಾದ ಅಸ್ಥಿಪಂಜರ ಪೂರ್ತಿ ಇದೆ.

ಈ ಕಾರನ್ನೇ ಹಿಡಿದು ಕೂತದ್ದಕ್ಕೆ ಇನ್ನೊಂದು ಕಾರಣವಿದೆ. ಡ್ರಿಫ್ಟ್ ಪ್ರಪಂಚದಲ್ಲಿ ಎಲ್ಲರೂ ಕೈಮುಗಿಯುವ ಪುಟ್ಟ ಕಾರೆಂದರೆ 1983ರಲ್ಲಿ ಬಂದ ಟೊಯೋಟಾದ ಎಇ86 ಕೊರೊಲ್ಲಾ. ಜಪಾನಿನಲ್ಲಿ 1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ರೇಸ್ ಟ್ರ್ಯಾಕಿನ ತಿರುವುಗಳಲ್ಲಿ ಬಾಲ ಜಾರಿಸಿಕೊಂಡೇ ವೇಗ ಕಾಯ್ದುಕೊಳ್ಳುತ್ತಿದ್ದರು. ಅದನ್ನು ನೋಡಿ ಬೆಳೆದ ಕೇಯಿಚಿ ತ್ಸುಚಿಯಾ ಬೆಟ್ಟದ ರಸ್ತೆಗಳಲ್ಲಿ ಆ ವಿದ್ಯೆಯನ್ನು ಪಳಗಿಸಿಕೊಂಡರು, ಅವರ ಹೆಸರಿನ ಜೊತೆ ಅಂಟಿಕೊಂಡ ಕಾರು ಎಇ86. ಅದರ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರ) 2400 ಮಿಲಿಮೀಟರ್. ನಮ್ಮ 118ರ ಮೂಲವಾದ ಫಿಯೆಟ್ 124ರದ್ದು 2420. ಎಇ86ಕ್ಕೂ ಹಿಂದೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್. ಅದರ ತೂಕ ಒಂಬೈನೂರು ಚಿಲ್ಲರೆ ಕೆಜಿ, ಎಂಜಿನ್ 1.6 ಲೀಟರ್. ಎರಡು ಕಾರುಗಳ ಅಳತೆಯನ್ನು ಅಕ್ಕಪಕ್ಕ ಬರೆದುಕೊಂಡ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮೂರಿನ ಶೆಡ್ಡುಗಳಲ್ಲಿ ತುಕ್ಕು ಹಿಡಿಯುತ್ತಿರುವ ಪೆಟ್ಟಿಗೆಯಂಥ ಈ ಕಾರಿಗೆ ಆ ಕಾರಿನ ದೇಹಪ್ರಮಾಣವೇ ಇದೆ. ಇಲ್ಲದಿರುವುದು ಉಸಿರು ಮಾತ್ರ.

ಉಸಿರು ಕೊಡಬೇಕೆಂದರೆ ಎಂಜಿನ್ ಬದಲಿಸಬೇಕು. ಕೊಡಗಿಗೆ ಇದು ಹೊಸ ವಿದ್ಯೆಯಲ್ಲ. ಪೆಟ್ರೋಲ್ ಜೀಪುಗಳನ್ನು ಡೀಸೆಲ್ ಮಾಡಿಕೊಂಡು ತೋಟ ನಡೆಸಿದ ಊರು ನಮ್ಮದು. ಹಾಗೆ ಮಾಡಿದ ಜೀಪನ್ನು ಮಳೆಯಲ್ಲಿ ಇಳಿಜಾರಿಗೆ ಬಿಟ್ಟವರನ್ನು ಕೇಳಿ. ಎಳೆಯುವ ಶಕ್ತಿ ಬಂತು, ಆದರೆ ಮೂತಿ ಭಾರವಾಯಿತು, ಕೆಸರಿನ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ ಎನ್ನುತ್ತಾರೆ. ಖಾಲಿ ಪಿಕಪ್‌ನ ಬಾಲ ಒದ್ದೆ ರಸ್ತೆಯಲ್ಲಿ ಹೊಯ್ದಾಡುವುದು, ಎರಡು ಮೂಟೆ ಗೊಬ್ಬರ ಹಾಕಿದರೆ ಸುಮ್ಮನಾಗುವುದು ನಮ್ಮಲ್ಲಿ ಯಾವ ಡ್ರೈವರಿಗೂ ಹೊಸ ಸಂಗತಿಯಲ್ಲ. ಭಾರದ ಹಂಚಿಕೆ ಎಂಬ ಶಾಸ್ತ್ರವನ್ನು ಅವರು ಸೊಂಟದಲ್ಲೇ ಕಲಿತಿದ್ದಾರೆ. ನಾನು ಮಾಡಿದ್ದು ಅದಕ್ಕೆ ಅಂಕಿ ಹಚ್ಚುವ ಕೆಲಸ.

ಡ್ರಿಫ್ಟ್ ಕಾರಿನಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಬೇರೆ ಬೇರೆ ಬದುಕು. ಹಿಂದಿನವು ಜಾರುತ್ತಲೇ ಕಾರನ್ನು ಮುಂದಕ್ಕೆ ತಳ್ಳಬೇಕು. ಮುಂದಿನವು ಜಾರದೆ, ಬಾಲ ಹೋದ ಕಡೆಗೆ ತಿರುಗಿ ಕಾರನ್ನು ಹಿಡಿದು ನಿಲ್ಲಿಸಬೇಕು. ಹಿಂದೆ ಭಾರ ತೀರಾ ಕಡಿಮೆಯಾದರೆ ಚಕ್ರ ಸುಲಭವಾಗಿ ಬಿಡಿಸಿಕೊಳ್ಳುತ್ತದೆ ನಿಜ, ಆದರೆ ಸುಮ್ಮನೆ ಸುತ್ತುತ್ತದೆ. ಕಾರು ಮುಂದೆ ಹೋಗುವುದಿಲ್ಲ, ಡ್ರಿಫ್ಟ್ ಅರ್ಧಕ್ಕೇ ಸಾಯುತ್ತದೆ. ಹಿಂದೆ ಭಾರ ಹೆಚ್ಚಾದರೆ ಹಿಡಿತ ಹೆಚ್ಚುತ್ತದೆ, ಆ ಹಿಡಿತವನ್ನು ಮುರಿಯುವಷ್ಟು ಶಕ್ತಿ ಎಂಜಿನ್‌ಗೆ ಬೇಕಾಗುತ್ತದೆ. ಹಾಗಾಗಿ ಐವತ್ತಕ್ಕೆ ಐವತ್ತು ಎಂಬ ಅಂಕಿಯನ್ನು ದೇವರ ಪಟದಂತೆ ಗೋಡೆಗೆ ತೂಗುಹಾಕುವುದು ನನಗೆ ಸರಿ ಕಾಣುವುದಿಲ್ಲ. ಟೊಯೋಟಾ ಈಚೆಗೆ ಮಾಡಿದ 86 ಎಂಬ ಕಾರಿನ ಹಂಚಿಕೆಯೇ ಮುಂದೆ 53, ಹಿಂದೆ 47. ಆಕ್ಸಿಲರೇಟರ್ ತುಳಿದಾಗ ಭಾರ ತಾನಾಗಿ ಹಿಂದಕ್ಕೆ ಬರುತ್ತದೆ, ಆಗ ಬೇಕಾದ ಸಮತೋಲ ನಿಂತಾಗ ಕಾಣಬೇಕಾಗಿಲ್ಲ.

ಬ್ರೇಕ್ ಹಾಕಿದರೆ ಅದೇ ಭಾರ ಮುಂದಕ್ಕೆ. ಎಷ್ಟು ದಾಟುತ್ತದೆ ಎಂದು ಲೆಕ್ಕ ಹಾಕಬಹುದು. ಕಾರಿನ ತೂಕ 900 ಕೆಜಿ, ಭಾರಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ, ವೀಲ್‌ಬೇಸ್ 2.4 ಮೀಟರ್ ಎಂದಿಟ್ಟುಕೊಳ್ಳಿ. ಗುರುತ್ವದ 0.4 ಪಟ್ಟು ಬಲದಲ್ಲಿ ಬ್ರೇಕ್ ಹಾಕಿದರೆ 75 ಕೆಜಿ ಹಿಂದಿನಿಂದ ಮುಂದಿನ ಚಕ್ರಕ್ಕೆ ದಾಟುತ್ತದೆ. ತಿರುವಿಗೆ ಮುಂಚೆ ಬ್ರೇಕ್ ತಾಗಿಸಿ ಬಾಲ ಬಿಡಿಸುವುದು ಈ 75 ಕೆಜಿಯ ಕೆಲಸ. ಎಂಜಿನ್ ಎತ್ತರವಾಗಿದ್ದರೆ ಭಾರಕೇಂದ್ರವೂ ಏರುತ್ತದೆ, ಈ ದಾಟುವಿಕೆ ಇನ್ನಷ್ಟು ಹೆಚ್ಚಾಗಿ ಕಾರು ಒರಟಾಗುತ್ತದೆ. ಅಂದರೆ ಎಂಜಿನ್ ಆರಿಸುವಾಗ ತೂಕ ಒಂದನ್ನೇ ನೋಡಿದರೆ ಆಗದು. ತೂಕ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎನ್ನುವುದನ್ನೂ ನೋಡಬೇಕು.

ಸರಿ, ತೂಗುವುದು ಹೇಗೆ? ನಾಲ್ಕು ಚಕ್ರದ ಕೆಳಗೆ ಇಡುವ ರೇಸಿಂಗ್ ತಕ್ಕಡಿ ತರಿಸಬೇಕು, ದುಬಾರಿ ಎಂದು ಮೊದಲು ಅಂದುಕೊಂಡಿದ್ದೆ. ಲಾರಿ ತೂಗುವ ವೇ ಬ್ರಿಡ್ಜ್ ಇದೆ, ಆದರೆ ಅದು ಐದೋ ಹತ್ತೋ ಕೆಜಿಯ ಲೆಕ್ಕದಲ್ಲೇ ಹೇಳುತ್ತದೆ, ಅಷ್ಟು ಒರಟು ಅಂಕಿಯಿಂದ ನನ್ನ ಕೆಲಸ ನಡೆಯದು. ಆಮೇಲೆ ಹೊಳೆಯಿತು. ಕಾಫಿ ಕೊಳ್ಳುವ ವ್ಯಾಪಾರಿಗಳ ಅಂಗಡಿಯಲ್ಲಿ ಮೂಟೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಇದ್ದೇ ಇರುತ್ತದಲ್ಲ! 300 ಕೆಜಿ, 500 ಕೆಜಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ. ಇಂಥ ಕಾರಿನ ಒಂದು ಚಕ್ರದ ಮೇಲೆ ಬೀಳುವ ಭಾರ ಇನ್ನೂರೈವತ್ತರ ಆಸುಪಾಸು. ಪರಿಚಯದ ವ್ಯಾಪಾರಿಯೊಬ್ಬರಲ್ಲಿ ಕೇಳಿದೆ. ಸೀಸನ್ ಮುಗಿದಿತ್ತು, ತಕ್ಕಡಿಗೆ ಕೆಲಸವಿರಲಿಲ್ಲ.

"ಏನು ತೂಗ್ತೀಯಪ್ಪ? ಚೆರಿ ಉಳಿಸಿಕೊಂಡಿದ್ದೀಯಾ?" ಅಂದರು. ಚೆರಿ ಎಂದರೆ ಒಣಗಿಸಿದ ಕಾಫಿ ಹಣ್ಣು.

"ಕಾರು ತೂಗ್ಬೇಕು ಅಣ್ಣ."

"ತಗೊಂಡು ಹೋಗು. ಪ್ಲೇಟು ಬಗ್ಗಿಸಬೇಡ" ಎಂದಷ್ಟೇ ಹೇಳಿ ಕಳಿಸಿದರು.

ಸಿಮೆಂಟ್ ನೆಲದ ಮೇಲೆ ತಕ್ಕಡಿಯನ್ನು ಒಂದು ಚಕ್ರದ ಕೆಳಗಿಟ್ಟು, ಉಳಿದ ಮೂರು ಚಕ್ರಗಳ ಕೆಳಗೆ ಅಷ್ಟೇ ದಪ್ಪದ ಹಲಗೆ ಕೊಡಬೇಕು. ಕಾರು ಎಲ್ಲ ಕಡೆಯೂ ಒಂದೇ ಮಟ್ಟದಲ್ಲಿ ನಿಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕಾರನ್ನು ಒಮ್ಮೆ ಕುಲುಕಿ ಸ್ಪ್ರಿಂಗ್ ಕೂರಲು ಬಿಡಬೇಕು. ಓಡಿಸುವವನು ಸೀಟಿನಲ್ಲಿ ಕೂತಿರಬೇಕು, ಯಾಕೆಂದರೆ ಇಂಥ ಹಗುರ ಕಾರಿನಲ್ಲಿ ಮನುಷ್ಯನ ತೂಕ ಸಣ್ಣ ಸಂಗತಿಯಲ್ಲ, ಅದೂ ಪೂರಾ ಬಲಗಡೆಗೇ ಕೂರುತ್ತದೆ. ಪೆಟ್ರೋಲ್ ಎಷ್ಟಿದೆ ಬರೆದುಕೊಳ್ಳಿ. ಹೀಗೆ ನಾಲ್ಕು ಚಕ್ರಕ್ಕೆ ನಾಲ್ಕು ಸಲ. ಒಂದೇ ತಕ್ಕಡಿ ಸಾಕು. ತಾಳ್ಮೆ ಬೇಕು.

ತೂಗಿದ ಮೇಲೆ ಹಿಡಿದುಕೊಳ್ಳಬೇಕಾದ ಸೂತ್ರ ಒಂದೇ ಒಂದು. ಒಂದು ಭಾರವನ್ನು ಮುಂದಿನಿಂದ ಹಿಂದಕ್ಕೆ ಸರಿಸಿದರೆ, ಆ ಭಾರವನ್ನು ಸರಿಸಿದ ದೂರದಿಂದ ಗುಣಿಸಿ ವೀಲ್‌ಬೇಸ್‌ನಿಂದ ಭಾಗಿಸಿ. ಬಂದಷ್ಟು ಕೆಜಿ ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ ಹೋಗುತ್ತದೆ. ಹದಿನೈದು ಕೆಜಿಯ ಬ್ಯಾಟರಿಯನ್ನು ಬಾನೆಟ್‌ನಿಂದ ತೆಗೆದು ಮೂರು ಮೀಟರ್ ಹಿಂದೆ ಡಿಕ್ಕಿಯಲ್ಲಿಟ್ಟರೆ ಸುಮಾರು 19 ಕೆಜಿ ಹಿಂದಕ್ಕೆ ದಾಟುತ್ತದೆ, ಬ್ಯಾಟರಿಯ ತೂಕಕ್ಕಿಂತ ಹೆಚ್ಚು! ಇನ್ನೊಂದು ಕಡೆ, 150 ಕೆಜಿಯ ಎಂಜಿನ್ ಗೇರ್‌ಬಾಕ್ಸ್ ಜೋಡಿಯನ್ನು ಫೈರ್‌ವಾಲ್ (ಎಂಜಿನ್ ಮತ್ತು ಕೂರುವ ಜಾಗದ ನಡುವಿನ ತಗಡಿನ ಗೋಡೆ) ಕತ್ತರಿಸಿ ಹತ್ತು ಸೆಂಟಿಮೀಟರ್ ಹಿಂದಕ್ಕೆ ತಳ್ಳಿದರೆ ದಾಟುವುದು ಸುಮಾರು 6 ಕೆಜಿ. ವಾರಗಟ್ಟಲೆ ಗ್ರೈಂಡರ್ ಹಿಡಿದು ಮಾಡುವ ಕೆಲಸಕ್ಕಿಂತ ಒಂದು ಉದ್ದನೆಯ ಕೇಬಲ್ಲಿನ ಕೆಲಸ ಹೆಚ್ಚು ಭಾರ ಸರಿಸಿತು.

ಆದರೆ ಎಂಜಿನ್ ಹಿಂದಕ್ಕೆ ತಳ್ಳುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಅದು ಬೇರೆ ಕೆಲಸ ಮಾಡುತ್ತದೆ. ಕಾರು ಎಡದಿಂದ ಬಲಕ್ಕೆ ಮೂತಿ ಹೊರಳಿಸುವಾಗ, ಭಾರ ನಡುವಿನಿಂದ ಎಷ್ಟು ದೂರವಿದೆ ಎನ್ನುವುದು ವರ್ಗಮಾನದಲ್ಲಿ ಲೆಕ್ಕಕ್ಕೆ ಬರುತ್ತದೆ. 150 ಕೆಜಿ ಭಾರ ಕಾರಿನ ಕೇಂದ್ರದಿಂದ 1.1 ಮೀಟರ್ ದೂರವಿದ್ದರೆ ತಿರುಗುವಿಕೆಗೆ ಅದು ಒಡ್ಡುವ ಜಡತ್ವ (ಭಾರವನ್ನು ದೂರದ ವರ್ಗದಿಂದ ಗುಣಿಸಿದಾಗ ಬರುವ ಅಂಕಿ) 181, ಒಂದು ಮೀಟರಿಗೆ ಬಂದರೆ 150. ಡ್ರಿಫ್ಟ್‌ನಲ್ಲಿ ಒಂದು ಜಾರಿನಿಂದ ಎದುರು ಜಾರಿಗೆ ಹೊರಳುವ ಗಳಿಗೆ ಇದೆಯಲ್ಲ, ಈ ಉಳಿತಾಯ ಕೈಗೆ ಸಿಗುವುದು ಅಲ್ಲಿ.

ಕಾಗದದ ಲೆಕ್ಕವನ್ನು ನೆಲದ ಮೇಲೆ ನೋಡಬೇಕೆನಿಸಿತು. ಹುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಗದ್ದೆಗಳು ಒಣಗಿ ನಿಂತಿರುತ್ತವೆ. ಗೋಣಿಕೊಪ್ಪ, ವಿರಾಜಪೇಟೆ ಕಡೆ ಆಟೋಕ್ರಾಸ್ ಎಂಬ ಮಣ್ಣಿನ ಅಂಗಳದ ಕಾರು ಸ್ಪರ್ಧೆ ನಡೆಯುವುದೂ ಇಂಥ ಗದ್ದೆಗಳಲ್ಲೇ. ಮಾವನ ಗದ್ದೆ ಕೇಳಿದೆ. "ಬದು ಮುಟ್ಟಬೇಡ, ಒಳಗೆ ಏನು ಬೇಕಾದ್ರೂ ಮಾಡ್ಕೋ" ಎಂದರು. ಹಳೇ ಎ12 ಎಂಜಿನ್ ಇರುವಂತೆಯೇ, ಹೊಸ ಎಂಜಿನ್ ತರಬಹುದಾದ ಭಾರವನ್ನು ಮೂಟೆ ಕಟ್ಟಿ ನೋಡಿದೆ. ಇದನ್ನು ಯಾರಾದರೂ ಮಾಡಬಹುದು, ಖರ್ಚಿಲ್ಲ, ಎಂಜಿನ್‌ಗೆ ದುಡ್ಡು ಕೊಡುವ ಮೊದಲೇ ಕಾರಿನ ನಡತೆ ಗೊತ್ತಾಗುತ್ತದೆ.

ರೇಡಿಯೇಟರ್ ಮುಂದಿನ ಪಟ್ಟಿಗೆ 25 ಕೆಜಿ ಮರಳಿನ ಚೀಲ ಬಿಗಿದು ಓಡಿಸಿದಾಗ ಮೂತಿ ಒಳಕ್ಕೆ ಬರಲೇ ಇಲ್ಲ. ಸ್ಟೀರಿಂಗ್ ತಿರುಗಿಸಿದಷ್ಟೂ ಮುಂದಿನ ಚಕ್ರ ಮಣ್ಣು ಕೆರೆಯುತ್ತಾ ಹೊರಕ್ಕೆ ಹೋಯಿತು. ಆ ಚೀಲ ಬಿಚ್ಚಿ, 50 ಕೆಜಿಯ ಒಂದು ಚೆರಿ ಮೂಟೆಯನ್ನು ಹಿಂದಿನ ಸೀಟು ತೆಗೆದ ಜಾಗದಲ್ಲಿ, ಆಕ್ಸಲ್‌ಗೆ ಸ್ವಲ್ಪ ಮುಂದೆ ಹಗ್ಗದಲ್ಲಿ ಬಿಗಿದೆ. ಕಾರು ಬೇರೆಯೇ ಆಯಿತು. ಹ್ಯಾಂಡ್‌ಬ್ರೇಕ್ ಎಳೆದಾಗ ಬಾಲ ಬರುತ್ತದೆ, ಬಿಟ್ಟಾಗ ನಿಲ್ಲುತ್ತದೆ, ನಡುವೆ ಮಾತು ಕೇಳುತ್ತದೆ. ಅದೇ ಮೂಟೆಯನ್ನು ಡಿಕ್ಕಿಯ ತುದಿಗೆ ಹಾಕಿದಾಗ ಬಾಲ ಹೊರಡಲು ತಡ ಮಾಡಿತು, ಹೊರಟ ಮೇಲೆ ನಿಲ್ಲಲು ಒಪ್ಪಲಿಲ್ಲ. ಲೆಕ್ಕ ನೋಡಿದರೆ ಅದು ಸಹಜ. ಕೇಂದ್ರದಿಂದ ಒಂದೂವರೆ ಮೀಟರ್ ದೂರದ 50 ಕೆಜಿ, ತಿರುಗುವಿಕೆಗೆ 112ರಷ್ಟು ಜಡತ್ವ ಸೇರಿಸುತ್ತದೆ. ಮುಂದೆ ಭಾರದ ಎಂಜಿನ್ ಹಾಕಿ, ಅದನ್ನು ಸರಿದೂಗಿಸಲು ಹಿಂದೆ ಭಾರ ಕಟ್ಟುವುದು ಯಾಕೆ ಕೆಟ್ಟ ಉಪಾಯ ಎನ್ನುವುದು ಇಲ್ಲಿ ಸ್ಪಷ್ಟವಾಯಿತು. ತಕ್ಕಡಿಯಲ್ಲಿ ಐವತ್ತಕ್ಕೆ ಐವತ್ತು ಕಾಣಬಹುದು, ಕಾರು ಮಾತ್ರ ಎರಡು ತುದಿಗೆ ಕಲ್ಲು ಕಟ್ಟಿದ ಕಾವಡಿಯಂತೆ ತೂಗಾಡುತ್ತದೆ.

ಈಗ ಎಂಜಿನ್‌ಗಳ ಮಾತು.

ಹೊರದೇಶದ ಡ್ರಿಫ್ಟ್ ನೋಡುವವರ ಮನಸ್ಸಿನಲ್ಲಿ ಮೊದಲು ಬರುವುದು ಟೊಯೋಟಾದ 2ಜೆಝಡ್. ಸಾಲಾಗಿ ಆರು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಟರ್ಬೊ ಸಮೇತ 230 ಕೆಜಿಯ ಆಸುಪಾಸು. ಎಷ್ಟು ಶಕ್ತಿ ಬೇಕಾದರೂ ತಾಳುತ್ತದೆ, ಸಂಶಯವಿಲ್ಲ. ಆದರೆ ಉದ್ದ. ನಮ್ಮ ಕಾರಿನಲ್ಲಿ ಅದರ ಮೊದಲ ಸಿಲಿಂಡರುಗಳು ಆಕ್ಸಲ್ ಗೆರೆಯಿಂದ ಮುಂದಕ್ಕೆ ಚಾಚಿಕೊಳ್ಳುತ್ತವೆ. ಅಮೆರಿಕದಲ್ಲಿ ಹಗುರ ಕಾರುಗಳಿಗೆ ಜಿಎಂ ಕಂಪನಿಯ ಎಲ್‌ಎಸ್ ವಿ8 ಹಾಕುವುದು ಯಾಕೆ ಎಂದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. 5.7 ಲೀಟರ್ ಎಂಜಿನ್ ಭಾರವಲ್ಲವೇ? ಅದರ ಬ್ಲಾಕ್ ಅಲ್ಯೂಮಿನಿಯಂ, ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗೇ ಇರುವುದರಿಂದ ತಲೆ ಗಿಡ್ಡ, ಎಂಟು ಸಿಲಿಂಡರ್ ಎರಡು ಸಾಲಿನಲ್ಲಿ ಇರುವುದರಿಂದ ನಾಲ್ಕೇ ಸಿಲಿಂಡರಿನ ಉದ್ದ. ಹಾಗಾಗಿ ತೂಕವೆಲ್ಲ ಕೆಳಗೆ, ಫೈರ್‌ವಾಲಿಗೆ ಒರಗಿಕೊಂಡು ಕೂರುತ್ತದೆ. ನಿಸಾನ್ 240 ಎಸ್‌ಎಕ್ಸ್‌ನ ಕಬ್ಬಿಣದ ಕೆಎ24 ತೆಗೆದು ಅಲ್ಯೂಮಿನಿಯಂನ ಎಸ್‌ಆರ್20 ಟರ್ಬೊ ಹಾಕುವವರ ತರ್ಕವೂ ಇದೇ. ಶಕ್ತಿ ಹೆಚ್ಚಿತು, ಮೂತಿ ಹಗುರಾಯಿತು. ನನಗೆ ಇವು ಯಾವುವೂ ಕೈಗೆಟುಕುವಂಥವಲ್ಲ, ಬೇಕಾಗಿಯೂ ಇಲ್ಲ. ತರ್ಕವನ್ನಷ್ಟೇ ಎತ್ತಿಕೊಂಡೆ.

ನಮ್ಮ ಗುಜರಿಗಳಲ್ಲಿ ಸಿಗುವುದನ್ನು ನೋಡೋಣ. ಕುಶಾಲನಗರದ ನಮ್ಮ ಮೇಸ್ತ್ರಿಯ ಮನಸ್ಸು ಹಳೇ ಕಾಂಟೆಸಾ ಕಾರಿನ 1.8 ಇಸುಜು ಎಂಜಿನ್ ಮೇಲಿತ್ತು. "ಅದ್ರದ್ದೇ ಐದು ಗೇರಿನ ಬಾಕ್ಸ್ ಜೊತೆಗೆ ಬರುತ್ತೆ ಅಣ್ಣ, ಹಿಂದಿನ ಚಕ್ರದ ಗಾಡಿ, ಉದ್ದಕ್ಕೇ ಕೂರುತ್ತೆ. ಯಾವುದನ್ನೂ ತಿರುಚೋ ಹಾಗಿಲ್ಲ" ಅನ್ನುವುದು ಅವರ ವಾದ. ಒಳ್ಳೆಯ ವಾದವೇ. 1817 ಸಿಸಿ, ಸುಮಾರು 88 ಎಚ್‌ಪಿ, ಕೆಳಗಿನಿಂದಲೇ ಎಳೆತ. ಆದರೆ ಕಬ್ಬಿಣದ ಬ್ಲಾಕ್. ಅದು ಈಗಿನ ಎಂಜಿನ್‌ಗಿಂತ 25 ಕೆಜಿ ಹೆಚ್ಚು ಎಂದಿಟ್ಟುಕೊಂಡರೂ, ಆಕ್ಸಲ್‌ನಿಂದ 20 ಸೆಂಟಿಮೀಟರ್ ಹಿಂದೆ ಕೂತರೆ 23 ಕೆಜಿ ಮುಂದಕ್ಕೆ, 2 ಕೆಜಿ ಹಿಂದಕ್ಕೆ. ಮುಂದೆ ಚಾಚಿಕೊಂಡರಂತೂ ಹಿಂದಿನ ಚಕ್ರ ಇದ್ದ ಭಾರವನ್ನೂ ಕಳೆದುಕೊಳ್ಳುತ್ತದೆ. ಮರಳಿನ ಚೀಲ ಕಟ್ಟಿ ಗದ್ದೆಯಲ್ಲಿ ಕಂಡದ್ದು ಸರಿಸುಮಾರು ಇದೇ ಕಾರು. ಇನ್ನೋವಾದ 2.0 ಪೆಟ್ರೋಲ್ ಎಂಜಿನ್ ಕೂಡ ಉದ್ದಕ್ಕೆ ಕೂರುವಂಥದ್ದೇ, ಶಕ್ತಿಯೂ ಬೇಕಾದಷ್ಟು. ಅದರದ್ದೂ ಕಬ್ಬಿಣದ ಬ್ಲಾಕ್, ಮೇಲೆ ಎರಡು ಕ್ಯಾಮ್‌ನ ಎತ್ತರದ ತಲೆ, ನಮ್ಮ ತಗ್ಗು ಬಾನೆಟ್‌ಗೆ ಒಗ್ಗುವುದಿಲ್ಲ.

ಹಳೇ ಹೋಂಡಾ ಸಿಟಿಯ ಎಂಜಿನ್ ಹಾಕಿ ಎಂದವರೂ ಇದ್ದಾರೆ. ಹಗುರ, ಚುರುಕು, ಪ್ರೀತಿಸುವಂಥ ಎಂಜಿನ್. ಆದರೆ ಹೋಂಡಾದ ಹಳೇ ಡಿ ಸರಣಿಯ ಎಂಜಿನ್‌ಗಳು ಉಳಿದ ಬಹುತೇಕ ಕಂಪನಿಗಳ ಎಂಜಿನ್‌ಗೆ ಎದುರು ದಿಕ್ಕಿನಲ್ಲಿ ಸುತ್ತುತ್ತವೆ. ಅದನ್ನು ಹಿಂದಿನ ಚಕ್ರದ ಕಾರಿನ ಗೇರ್‌ಬಾಕ್ಸ್‌ಗೆ ಜೋಡಿಸಿದರೆ ಮುಂದಕ್ಕೆ ಹೋಗಬೇಕಾದ ಗೇರುಗಳೆಲ್ಲ ಹಿಂದಕ್ಕೆ ಹೋಗುತ್ತವೆ, ರಿವರ್ಸ್ ಮಾತ್ರ ಮುಂದಕ್ಕೆ. ಹಿಂದಿನ ಹೌಸಿಂಗನ್ನು ತಲೆಕೆಳಗು ಮಾಡಿ ಸರಿಪಡಿಸಬಹುದು, ಆಮೇಲೆ ಅದರೊಳಗೆ ಆಯಿಲ್ ಹರಿಯುವ ದಾರಿಯ ಚಿಂತೆ. ಬೇಡ.

ನಾನು ಬಂದು ನಿಂತಿರುವುದು ಮಾರುತಿ ಬಲೆನೊದ ಎಂಜಿನ್ ಹತ್ತಿರ. ಈಗಿನ ಬಲೆನೊ ಅಲ್ಲ, 1999ರಲ್ಲಿ ಬಂದ ಸೆಡಾನ್. ಜಿ16ಬಿ, 1590 ಸಿಸಿ, ಹದಿನಾರು ವಾಲ್ವ್, 94 ಎಚ್‌ಪಿ. ಬ್ಲಾಕೂ ತಲೆಯೂ ಅಲ್ಯೂಮಿನಿಯಂ. ಬಲೆನೊದಲ್ಲಿ ಅದು ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಆದರೆ ಅದು ಎಸ್ಟೀಮ್ ಮತ್ತು ಗಿಪ್ಸಿಯ 1.3 ಎಂಜಿನ್‌ನ ಒಡಹುಟ್ಟು, ಗೇರ್ ಬಾಕ್ಸ್ ಬಂದು ಕೂಡುವ ಬೆಲ್ ಹೌಸಿಂಗ್ ಬೋಲ್ಟುಗಳ ಜಾಗ ಒಂದೇ. ನಮ್ಮ ರ‍್ಯಾಲಿಯವರು ಗಿಪ್ಸಿಗೆ ಬಲೆನೊ ಎಂಜಿನ್ ಹಾಕುತ್ತಿದ್ದುದು ಇದೇ ಕಾರಣಕ್ಕೆ. ಗಿಪ್ಸಿಯ ಇನ್ನೊಂದು ಗುಣವಂತೂ ನನ್ನ ಕೆಲಸವನ್ನು ಅರ್ಧಕ್ಕೆ ಇಳಿಸಿತು. ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸ್‌ಗೆ ಅಂಟಿಕೊಂಡಿಲ್ಲ, ಬೇರೆಯಾಗಿ ನಿಂತು ಒಂದು ಗಿಡ್ಡ ಶಾಫ್ಟಿನಿಂದ ಸೇರಿಕೊಂಡಿದೆ. ಅಂದರೆ ಗಿಪ್ಸಿಯ ಐದು ಗೇರಿನ ಬಾಕ್ಸನ್ನು ಹಾಗೆಯೇ ತೆಗೆದು, ಅದರ ಹಿಂದಿನ ಫ್ಲಾಂಜ್‌ಗೆ ನೇರವಾಗಿ ಪ್ರೊಪೆಲ್ಲರ್ ಶಾಫ್ಟ್ ಕಟ್ಟಬಹುದು. ಹಿಂದಿನ ಚಕ್ರದ ಕಾರಿಗೆ ಸಿದ್ಧವಾದ, ಹಗುರವಾದ, ಯಾವ ಸಣ್ಣ ಪೇಟೆಯಲ್ಲೂ ಬಿಡಿಭಾಗ ಸಿಗುವ ಗೇರ್‌ಬಾಕ್ಸ್. ಅಲ್ಯೂಮಿನಿಯಂ ಎಂಜಿನ್, ಎಇ86ರ ಅಳತೆಯ ದೇಹ, 1.6 ಲೀಟರ್. ಬೇರೆ ಯಾವ ಜೋಡಿಯೂ ನನಗೆ ಇಷ್ಟು ಸರಿ ಅನ್ನಿಸಿಲ್ಲ.

"94 ಎಚ್‌ಪಿಗೆ ಡ್ರಿಫ್ಟ್ ಆಗುತ್ತಾ?" ಎನ್ನುವ ಪ್ರಶ್ನೆಗೆ ಉತ್ತರ ನೆಲದಲ್ಲಿದೆ. ಕಾರು ಮತ್ತು ನಾನು ಸೇರಿ 950 ಕೆಜಿ, ಅದರಲ್ಲಿ ಹಿಂದಿನ ಆಕ್ಸಲ್ ಮೇಲೆ 440 ಎಂದು ಹಿಡಿಯೋಣ. ಸಡಿಲ ಮಣ್ಣಿನಲ್ಲಿ ಟೈರಿನ ಹಿಡಿತ ಭಾರದ ಅರ್ಧದಷ್ಟು ಎಂದರೆ, ಚಕ್ರ ಬಿಡಿಸಿಕೊಳ್ಳಲು ಬೇಕಾದ ತಳ್ಳುಬಲ 220 ಕೆಜಿ. ಒಣ ಡಾಂಬರಿನಲ್ಲಿ ಹಿಡಿತ 0.9 ಎಂದರೆ ಹತ್ತಿರ ಹತ್ತಿರ 400 ಕೆಜಿ. ಈ ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) ಸುಮಾರು 130 ನ್ಯೂಟನ್ ಮೀಟರ್. ಎರಡನೇ ಗೇರಿನಲ್ಲಿ ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಗೇರ್ ಸೇರಿ ಒಟ್ಟು ಎಂಟು ಪಟ್ಟು ಇಳಿತ, ದಾರಿಯಲ್ಲಿ ಹದಿನೈದು ಶೇಕಡಾ ನಷ್ಟ, ಟೈರಿನ ತ್ರಿಜ್ಯ 28 ಸೆಂಟಿಮೀಟರ್ ಎಂದು ಹಿಡಿದರೆ ನೆಲ ಮುಟ್ಟುವ ತಳ್ಳುಬಲ 320 ಕೆಜಿ. ಮಣ್ಣಿಗೆ ಧಾರಾಳ, ಡಾಂಬರಿಗೆ ಸಾಲದು. ಡಾಂಬರಿನಲ್ಲಿ ಕ್ಲಚ್ ಒದ್ದು, ಹ್ಯಾಂಡ್‌ಬ್ರೇಕ್ ಎಳೆದು ಬಾಲ ಬಿಡಿಸಬಹುದು, ಹಿಡಿದಿಡುವುದು ಕಷ್ಟ. ಅದೇ ಎರಡನೇ ಗೇರು ಮೂರು ಸಾವಿರ ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್, ಆರೂವರೆ ಸಾವಿರದಲ್ಲಿ 85 ಕಿಲೋಮೀಟರ್ ವೇಗ ಕೊಡುತ್ತದೆ. ಗದ್ದೆಯ ಅಂಗಳದಲ್ಲಿ ಇದಕ್ಕಿಂತ ಹೆಚ್ಚು ಬೇಕಿಲ್ಲ, ಒಂದೇ ಗೇರಿನಲ್ಲಿ ಇಡೀ ಸುತ್ತು ಮುಗಿಯುತ್ತದೆ.

ಈ ಲೆಕ್ಕದಲ್ಲಿ ಹಂಚಿಕೆಯ ಪಾತ್ರವನ್ನೂ ಗಮನಿಸಿ. ಹಿಂದಿನ ಭಾರವನ್ನು 440ರಿಂದ 500ಕ್ಕೆ ಏರಿಸಿದರೆ ಮಣ್ಣಿನಲ್ಲಿ ಬೇಕಾದ ಬಲ 250 ಕೆಜಿ ಆಗುತ್ತದೆ. ಬಿಡಿಸುವುದು ಇನ್ನೂ ಸಾಧ್ಯ, ಬಿಡಿಸಿದ ಮೇಲೆ ಮುಂದಕ್ಕೆ ಹೋಗುವ ಎಳೆತವೂ ಹೆಚ್ಚು. ಡಾಂಬರಿನಲ್ಲಾದರೆ ಅದು 450ಕ್ಕೆ ಏರಿ ಕೈ ಮೀರುತ್ತದೆ. ದೊಡ್ಡ ಸ್ಪರ್ಧೆಗಳ ಕಾರುಗಳಲ್ಲಿ ರೇಡಿಯೇಟರನ್ನೇ ಡಿಕ್ಕಿಗೆ ಸಾಗಿಸಿ ಹಿಂದೆ ಭಾರ ಸೇರಿಸುತ್ತಾರೆ. ಅವರಿಗೆ ಶಕ್ತಿ ಚೆಲ್ಲಾಡುವಷ್ಟಿದೆ, ಹಿಡಿತ ಬೇಕು. ಕಡಿಮೆ ಶಕ್ತಿಯ ಕಾರಿಗೆ ಅದೇ ಉಪಾಯ ಉರುಳಾಗುತ್ತದೆ. ಎಂಜಿನ್, ನೆಲ, ಹಿಂದಿನ ಭಾರ, ಈ ಮೂರನ್ನೂ ಒಟ್ಟಿಗೇ ಆರಿಸಬೇಕು. ನಮ್ಮ ನೆಲ ಮಣ್ಣು, ಆದ್ದರಿಂದ ನಮ್ಮ ಎಂಜಿನ್ ಚಿಕ್ಕದು. ಮುಂದೆ 53ರ ಒಳಗೆ, ಹಿಂದೆ 47ರ ಮೇಲೆ ನಿಂತರೆ ನನಗೆ ತೃಪ್ತಿ.

ತೊಡಕುಗಳಿಲ್ಲವೆಂದಲ್ಲ. ಬಲೆನೊದ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಅಡ್ಡ ಕೂರುವ ಎಂಜಿನ್‌ಗಾಗಿ ಮಾಡಿದ್ದು, ನಮ್ಮ ಕ್ರಾಸ್ ಮೆಂಬರಿಗೆ ತಾಗುತ್ತದೆ. ಕತ್ತರಿಸಿ ಬೆಸೆದು, ಆಯಿಲ್ ಪಿಕಪ್ ಪೈಪಿನ ಬಾಯಿಯನ್ನೂ ಹೊಸ ತಗ್ಗಿಗೆ ತಂದಿಡಬೇಕು. ಪಕ್ಕಕ್ಕೆ ಜಾರುವ ಕಾರಿನಲ್ಲಿ ಆಯಿಲ್ ಒಂದೇ ಕಡೆಗೆ ಸರಿಯುವುದರಿಂದ ಒಳಗೆ ತಡೆಪಟ್ಟಿ ಹಾಕಿಸುವುದನ್ನು ಮರೆಯುವಂತಿಲ್ಲ. ಜಿ16 ಬ್ಲಾಕ್ 1.3ಕ್ಕಿಂತ ಎತ್ತರ, ಬಾನೆಟ್‌ಗೆ ಎಷ್ಟು ಜಾಗ ಉಳಿಯುತ್ತದೆ ನೋಡಬೇಕು. 118ರ ಸ್ಟೀರಿಂಗ್ ರ‍್ಯಾಕ್ ಅಲ್ಲ, ಸ್ಟೀರಿಂಗ್ ಬಾಕ್ಸ್. ಬಲಗಡೆ ಜಾಗ ತಿನ್ನುವ ಆ ಬಾಕ್ಸಿನ ಹತ್ತಿರ ಸೈಲೆನ್ಸರ್ ಪೈಪು ಹಾಯದಂತೆ ನೋಡಿಕೊಳ್ಳಬೇಕು. ಮುಂದಿನ ಚಕ್ರ ಹೆಚ್ಚು ತಿರುಗುವಂತೆ ಮಾಡುವುದು ಇನ್ನೊಂದು ದೊಡ್ಡ ಕೆಲಸ, ಅದಕ್ಕೆ ಬೇರೆ ಬರಹವೇ ಬೇಕು. ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ವೆಲ್ಡ್ ಮಾಡಿ ಎರಡೂ ಹಿಂದಿನ ಚಕ್ರಗಳನ್ನು ಒಂದಾಗಿಸುವುದು ಸುಲಭ.

ಕಾನೂನಿನ ವಿಷಯ ಚಿಕ್ಕದಾಗಿ, ಆದರೆ ಗಟ್ಟಿಯಾಗಿ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಾರಿನ ಮೂಲ ವಿವರಗಳನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಹಾಗಾಗಿ ಈ ಕಾರು ಇನ್ನು ರಸ್ತೆಯ ಕಾರಲ್ಲ. ಪಿಕಪ್ ಮೇಲೆ ಹೇರಿಕೊಂಡು ಗದ್ದೆಗೆ ಹೋಗಿ, ಹೇರಿಕೊಂಡೇ ಬರಬೇಕು. ನಮ್ಮ ಘಾಟಿ ರಸ್ತೆಗಳಲ್ಲಿ ಬಾಲ ಜಾರಿಸುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಮಂಜು ಮುಸುಕಿದ ತಿರುವಿನಾಚೆ ಶಾಲೆಗೆ ನಡೆದುಹೋಗುವ ಮಕ್ಕಳಿರುತ್ತಾರೆ, ತೋಟದ ಕೆಲಸದವರನ್ನು ತುಂಬಿಕೊಂಡ ಜೀಪಿರುತ್ತದೆ, ಆನೆ ಇರುತ್ತದೆ. ಮಾಂದಲ್‌ಪಟ್ಟಿ ಕಡೆ ಪ್ರವಾಸಿಗರನ್ನು ಹೊತ್ತು ಓಡುವ ಜೀಪಿನವರಿಗೂ ಆ ರಸ್ತೆ ಅನ್ನದ ದಾರಿ. ಈ ವಿದ್ಯೆಯ ಮೇಲೆ ಪ್ರೀತಿ ಇರುವವರು ಅದಕ್ಕೆ ಕೆಟ್ಟ ಹೆಸರು ತರಬಾರದು.

ಎಂಜಿನ್ ಈಗ ಶೆಡ್ಡಿಗೆ ಬಂದಿದೆ, ಗೇರ್‌ಬಾಕ್ಸ್ ಲೇತಿನವರ ಹತ್ತಿರ ಇದೆ. ಮುಂದಿನ ಕ್ರಮ ಹೀಗೆ. ಫೈರ್‌ವಾಲ್ ಕತ್ತರಿಸದೆ ಎಂಜಿನ್ ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟಕ್ಕೆ ಮೊದಲು ನಿಲ್ಲಿಸುತ್ತೇವೆ. ಮೌಂಟಿಂಗ್ ಪಟ್ಟಿಗಳಲ್ಲಿ ದುಂಡು ರಂಧ್ರದ ಬದಲು ಉದ್ದನೆಯ ಸೀಳು ಕೊರೆಸುತ್ತಿದ್ದೇವೆ, ಎರಡು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಆಡಿಸಲು. ಆಯಿಲ್, ನೀರು ತುಂಬಿಸಿ, ಬ್ಯಾಟರಿ ಡಿಕ್ಕಿಯ ಎಡಮೂಲೆಗೆ ಸೇರಿದ ಮೇಲೆ ವ್ಯಾಪಾರಿಯಣ್ಣನ ತಕ್ಕಡಿ ಮತ್ತೆ ತರುತ್ತೇನೆ. ಎಡಮೂಲೆ ಯಾಕೆಂದರೆ ನಾನು ಬಲಗಡೆ ಕೂರುವವನು. ಮುಂದಿನ ಅಂಕಿ 53 ಶೇಕಡಾ ದಾಟಿದ್ದರೆ ಎಂಜಿನ್ ಇನ್ನೂ ಹಿಂದಕ್ಕೆ ಸರಿಯಬೇಕು, ಆಗ ಮಾತ್ರ ಗ್ರೈಂಡರ್ ಕೈಗೆ. ಆ ನಾಲ್ಕು ಅಂಕಿ ಬರುವತನಕ ಮೌಂಟಿಂಗ್‌ಗೆ ಟ್ಯಾಕ್ ವೆಲ್ಡ್ ಮಾತ್ರ, ಪೂರ್ತಿ ಬೆಸುಗೆ ಬೇಡ ಎಂದು ಮೇಸ್ತ್ರಿಗೆ ಹೇಳಿದ್ದೇನೆ.